ನಿರೂಪಣೆ: ಪಕ್ಕೀರಮ್ಮ

ಧಡಾರ್ ಎಂದು ಕಬ್ಬಿಣ ನೆಲಕ್ಕೆ ಬಿದ್ದ ಸದ್ದಿಗೆ ಒಂಬತ್ತನೆಯ ತರಗತಿಯ ಮಕ್ಕಳೆಲ್ಲ ಕಿಟಕಿಯ ಕಡೆ ತಿರುಗಿದರು. ಪಕ್ಕೀರಮ್ಮ ತಿರುಗಲಿಲ್ಲ. ಕಪ್ಪುಹಲಗೆಯ ಮೇಲೆ ತುಂಗಭದ್ರೆಯನ್ನು ಎಳೆಯುತ್ತಿದ್ದಳು; ಹೊಳೆಯನ್ನು ಅರ್ಧಕ್ಕೆ ಬಿಡುವುದು ಅವಳ ಜಾಯಮಾನವಲ್ಲ. ಮೇಲಾಗಿ, ಹೊಸಬರು ಬರುವ ದಿನ ಈ ಶಾಲೆಯಲ್ಲಿ ಸದ್ದಿಗೇನು ಬರ? ಬೆಳಿಗ್ಗೆಯಿಂದ ಮೈಕು ಕೀರುತ್ತಿತ್ತು, ಬಾಡಿಗೆ ಕುರ್ಚಿಗಳನ್ನು ಎಳೆದಾಡುತ್ತಿದ್ದರು, ದೈಹಿಕ ಶಿಕ್ಷಕ ಗುರುಬಸವರಾಜ ಕಾರಣವಿಲ್ಲದೆ ಸೀಟಿ ಊದುತ್ತಿದ್ದ. ಸ್ವಾಗತ ಎಂದರೆ ಇಲ್ಲಿ ಗದ್ದಲ, ಅಷ್ಟೆ.

"ಮೇಡಂ, ಮಂಚ ರೀ!" ಕಿಟಕಿಯ ಪಕ್ಕದ ಹುಡುಗಿ ಎದ್ದು ನಿಂತಿದ್ದಳು.

"ಯಾರ ಮಂಚ?"

"ಹೊಸಾ ಮೇಡಂದಂತ್ರಿ. ಟಾಟಾ ಏಸ್‌ನ್ಯಾಗ ಬಂದೈತ್ರಿ. ಗ್ಯಾಸ್ ಸಿಲಿಂಡರ್ ಐತ್ರಿ, ಮಿಕ್ಸಿ ಐತ್ರಿ, ತುಳಸಿಗಿಡಾನೂ ತಂದಾರ್ರಿ!"

"ಯಾವ ಸಬ್ಜೆಕ್ಟಿನ ಮೇಡಂ?"

ಹುಡುಗಿ ಕಣ್ಣು ತಗ್ಗಿಸಿ ಕೂತುಕೊಂಡಳು. ಅವಳಿಗೂ ಗೊತ್ತಿತ್ತು, ಇಡೀ ತರಗತಿಗೂ ಗೊತ್ತಿತ್ತು. ಪಕ್ಕೀರಮ್ಮನ ಸೀಮೆಸುಣ್ಣ ಹೊಸಪೇಟೆಯ ಹತ್ತಿರ ನಿಂತುಬಿಟ್ಟಿತು.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯ ಪಕ್ಕ, ಕೆಂಪು ಮಣ್ಣಿನ ಒಂದು ದಿಬ್ಬದ ಮೇಲೆ ಈ ವಸತಿ ಪ್ರೌಢಶಾಲೆ ಇದೆ. ಸುತ್ತ ಶೇಂಗಾ ಹೊಲ, ಮೆಕ್ಕೆಜೋಳ, ಅಲ್ಲೊಂದು ಇಲ್ಲೊಂದು ಹುಣಸೆಮರ. ಬಸ್ಸಿಗೆ ಊರು ಹತ್ತಿರ, ಬಸ್ಸು ನಿಲ್ಲಿಸಿದರೆ. ಶಿಕ್ಷಕರಿಗೆಂದು ಕಟ್ಟಿದ ಮನೆಗಳಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು, ಏಕೆಂದರೆ ಶಿಕ್ಷಕರು ಹೂಡುತ್ತಿರಲಿಲ್ಲ. ಇಲ್ಲಿಗೆ ನೇಮಕವಾಗಿ ಬರುವವರು ಒಂದು ಬ್ಯಾಗು ತರುತ್ತಾರೆ. ಆ ಬ್ಯಾಗಿನ ಜಿಪ್ಪನ್ನೂ ಪೂರ್ತಿ ಎಳೆಯುವುದಿಲ್ಲ. ಮಂಚವನ್ನು ಯಾರೂ ತಂದಿರಲಿಲ್ಲ.

ಹೊಸಬರ ವಿಷಯದಲ್ಲಿ ಪಕ್ಕೀರಮ್ಮನ ತಾತ್ಸಾರ ನಿನ್ನೆ ಮೊನ್ನೆಯದಲ್ಲ. ಅದು ನಿಧಾನಕ್ಕೆ ಹೆಪ್ಪುಗಟ್ಟಿದ್ದು. ಗೇಟಿನೊಳಗೆ ಕಾಲಿಟ್ಟ ಕೂಡಲೇ ಫೋನನ್ನು ಆಕಾಶಕ್ಕೆ ಎತ್ತಿ ನೆಟ್‌ವರ್ಕ್ ಹುಡುಕುವವರನ್ನು ಅವಳು ಕಂಡಿದ್ದಳು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕರ್ಚೀಫು ಮೂಗಿಗೆ ಹಿಡಿದವರನ್ನು ಕಂಡಿದ್ದಳು. "ಇಲ್ಲಿ ಕರಡಿ ಬರ್ತಾವಂತೆ ಹೌದಾ?" ಎಂದು ಕಣ್ಣರಳಿಸಿ ಕೇಳಿ, ಬರುತ್ತವೆ ಎಂದ ಮರುದಿನವೇ ಮೆಡಿಕಲ್ ಸರ್ಟಿಫಿಕೇಟ್ ಕಳಿಸಿದ ಒಬ್ಬ ಗಣಿತದ ಮೇಷ್ಟ್ರು ಇದ್ದ. ಹಾರ ಹಾಕಿಸಿಕೊಳ್ಳುವಾಗ ಬಾಗುವ ಕುತ್ತಿಗೆಯನ್ನು ನೋಡಿಯೇ ಅವಳು ಹೇಳಬಲ್ಲಳು, ಇದು ಎಷ್ಟು ದಿನದ ಗಿರಾಕಿ ಎಂದು. ಹಾರದ ಹೂ ಬಾಡುವ ಮೊದಲೇ ನಿಯೋಜನೆಯ ಅರ್ಜಿ ಬರೆದವರೂ ಇದ್ದರು. ನಿಯೋಜನೆ ಎಂದರೆ ಸಂಬಳ ಈ ಶಾಲೆಯ ಹೆಸರಿನಲ್ಲಿ, ಮೈ ಹೊಸಪೇಟೆಯಲ್ಲೋ ದಾವಣಗೆರೆಯಲ್ಲೋ.

ಪಕ್ಕೀರಮ್ಮ ಅತಿಥಿ ಶಿಕ್ಷಕಿ. ಖಾಯಂ ಶಿಕ್ಷಕರು ಇಲ್ಲದ ಕಡೆ ಪಾಠ ಮಾಡುವುದು ಅವಳ ಕೆಲಸ. ಖಾಯಂ ಶಿಕ್ಷಕರು ಬಂದು ಸೇರಿದರೆ ಆ ದಿನವೇ ಅವಳ ಕೆಲಸ ಮುಗಿಯಿತು. ನಿಯಮ ಅದು. ಅವಳ ಹನ್ನೊಂದು ವರ್ಷಗಳಲ್ಲಿ ಸಮಾಜ ವಿಜ್ಞಾನದ ಹುದ್ದೆಗೆ ಮೂವರು ಬಂದು ಸೇರಿದ್ದರು, ಮೂವರೂ ನಿಯೋಜನೆ ಹಿಡಿದು ಹೋಗಿದ್ದರು. ಪ್ರತಿಸಲವೂ ಅವರ ಸ್ವಾಗತ ಸಮಾರಂಭವನ್ನು ತನ್ನ ಬಾಯಿಂದಲೇ ನಡೆಸಿಕೊಟ್ಟು, ಚೀಲ ಹೆಗಲಿಗೇರಿಸಿ ಕೂಡ್ಲಿಗಿಯ ಮನೆಗೆ ಹೋಗಿ, ಅವ್ವನ ಜೊತೆ ಶೇಂಗಾ ಸುಲಿಯುತ್ತ ಕೂತಿರುತ್ತಿದ್ದಳು. ತಿಂಗಳು ತುಂಬುವ ಮೊದಲೇ ಪ್ರಾಂಶುಪಾಲರ ಫೋನು ಬರುತ್ತಿತ್ತು: "ಮೇಡಂ, ನಾಳಿಂದ ಬರ್ರಿ." ಹೀಗಾಗಿ ಹೊಸಬರ ಸ್ವಾಗತವೆಂದರೆ ಅವಳಿಗೆ ಒಂದು ಸಣ್ಣ ರಜೆ ಇದ್ದಂತೆ. ತಾತ್ಸಾರ ಮಾಡಲು ಇದಕ್ಕಿಂತ ನೆಮ್ಮದಿಯ ಜಾಗ ಯಾರಿಗೆ ಸಿಕ್ಕೀತು?

ಆದರೆ ಮಂಚ ತಂದವರು ತಿಂಗಳಲ್ಲಿ ಹೋಗುವುದಿಲ್ಲ.

ಪಕ್ಕೀರಮ್ಮ ಹುಟ್ಟಿದ್ದು ಹಗರಿಬೊಮ್ಮನಹಳ್ಳಿಯಲ್ಲಿ. ಅಪ್ಪ ಗಾದಿಲಿಂಗಪ್ಪ ಮಾರುಕಟ್ಟೆಯಲ್ಲಿ ಹಮಾಲಿ. ಮನೆಯಲ್ಲಿ ಪೂಜೆಯ ಗೂಡು ತೆಗೆಸಿ ಬುದ್ಧನ ಒಂದು ಪಟ ಹಾಕಿದವನು ಅವನೇ. ಮಗಳು ಮೂಟೆ ಹೊರಬಾರದು, ಹೊರುವವನ ಹೆಂಡತಿಯೂ ಆಗಬಾರದು ಎಂಬುದೊಂದೇ ಅವನ ಹಟ. ಪಕ್ಕೀರಮ್ಮ ಹಡಗಲಿಯ ಹಾಸ್ಟೆಲಿನಲ್ಲಿ ಓದಿದಳು, ಕೊಟ್ಟೂರಿನಲ್ಲಿ ಬಿ.ಎಡ್. ಮಾಡಿದಳು. ನೇಮಕಾತಿಯ ಪರೀಕ್ಷೆಯಲ್ಲಿ ಎರಡು ಸಲ ಅಂಚಿನಲ್ಲಿ ಜಾರಿದಳು. ಮೂರನೆಯ ಸಲ ಅರ್ಜಿ ಕರೆಯುವ ಹೊತ್ತಿಗೆ ವಯಸ್ಸು ಮಿತಿ ದಾಟಿತ್ತು. ಮದುವೆಯ ಮಾತು ಬಂದಾಗಲೆಲ್ಲ ಪರೀಕ್ಷೆ ಇರುತ್ತಿತ್ತು. ಪರೀಕ್ಷೆಗಳು ಮುಗಿದ ಮೇಲೆ ಮಾತು ಬರುವುದೇ ನಿಂತಿತ್ತು.

ಅವಳಿಗಿದ್ದದ್ದು ಹತ್ತನೆಯ ತರಗತಿ ಮತ್ತು ಧ್ವನಿ. ಹತ್ತನೆಯ ತರಗತಿಯಲ್ಲಿ ಸಮಾಜ ವಿಜ್ಞಾನಕ್ಕೆ ಯಾರೂ ಡುಮ್ಕಿ ಹೊಡೆಯದಂತೆ ನೋಡಿಕೊಂಡಿದ್ದಳು. ಅದಕ್ಕಾಗಿ ಮಕ್ಕಳನ್ನು ಬೈದಿದ್ದಳು, ಕೂಡಿಸಿಕೊಂಡು ಉಣಿಸಿದ್ದಳು, ಮತ್ತೆ ಬೈದಿದ್ದಳು. ಧ್ವನಿಯೋ, ತುಂಬಿದ ಕೊಡದಂಥದು. ಶಾಲೆಯ ಯಾವ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ತೆಗೆದರೂ, ಗಣ್ಯರು, ಮಾನ್ಯರು, ಉಪಸ್ಥಿತರು ಎಲ್ಲ ಮುಗಿದು, ಮುದ್ರಣಾಲಯದ ಹೆಸರಿಗೆ ಸ್ವಲ್ಪ ಮೇಲೆ ಸಣ್ಣಕ್ಷರದಲ್ಲಿ "ನಿರೂಪಣೆ: ಪಕ್ಕೀರಮ್ಮ" ಎಂದಿರುತ್ತಿತ್ತು.

ಬಿಡುವಿನ ವೇಳೆಗೆ ಗುರುಬಸವರಾಜ ಹುಡುಕಿಕೊಂಡು ಬಂದ. ಖಾಯಂ ನೌಕರ, ಲಕ್ಷಣವಾದ ಹೊಟ್ಟೆ, ಕೊರಳಲ್ಲಿ ಸೀಟಿ. ಕೊಟ್ಟೂರಿನಲ್ಲಿ ಹೆಂಡತಿಯ ಹೆಸರಿನ ಬೀಜ-ಗೊಬ್ಬರದ ಅಂಗಡಿ ಇದ್ದುದರಿಂದ ಮಧ್ಯಾಹ್ನದ ಮೇಲೆ ಅವನ ಸೀಟಿ ಶಾಲೆಯಲ್ಲಿ ಕೇಳಿದ್ದು ಕಡಿಮೆ. ಮಕ್ಕಳು ಓಡುವುದನ್ನು ಅವನು ಮೊಬೈಲಿನಲ್ಲಿ ಮಾತ್ರ ನೋಡುತ್ತಿದ್ದ.

"ಅಕ್ಕಾರ, ಹಡಗಲಿಯಿಂದ ಮಲ್ಲಿಗಿ ಹಾರ ತರ್ಸೀನಿ. ಬಸ್ಸಿನ್ಯಾಗ ಕುದ್ದು ಕುದ್ದು ಬಂದಾವ. ಒಂದೀಟು ನೀರು ಹೊಡಿಸ್ರಿ."

"ಸತ್ತ ಹೂವಿಗೆ ನೀರು ಹೊಡದ್ರ ಏಳ್ತಾವೇನಪ?"

"ಫೋಟೋದಾಗ ಗೊತ್ತಾಗಂಗಿಲ್ಲ ಬಿಡ್ರಿ." ನಕ್ಕ. ನಗು ಮುಗಿಸಿ ಧ್ವನಿ ತಗ್ಗಿಸಿದ. "ಆಕಿ ಮಂಚ ನೋಡಿದ್ರೇನು? ತೇಗದ್ದಲ್ಲ ಬಿಡ್ರಿ, ಕಬ್ಬಿಣದ್ದು. ಕಟ್ಟಿಗೊಂಡು ಹೋಗಾಕ ಹಗೂರ. ನೀವೇನ್ ತಲಿ ಕೆಡಿಸ್ಕೋಬ್ಯಾಡ್ರಿ. ಒಂದು ಹಾವು ಕಂಡ್ರ ಸಾಕು, ಮಂಚ ಬಿಟ್ಟು ಓಡ್ತಾಳ."

"ನಿಮಗ ಕಂಡಿತ್ತಲ್ಲ ಹಾವು. ಓಡಿಲ್ಲಲ್ಲ ನೀವು?"

"ನನ್ನ ಅಂಗಡಿ ಇಲ್ಲೇ ಐತಲ್ರೀ!" ಎಂದ ಗುರುಬಸವರಾಜ, ಬಹಳ ಪ್ರಾಮಾಣಿಕವಾಗಿ.

ಪಕ್ಕೀರಮ್ಮ ಆ ಪ್ರಾಮಾಣಿಕತೆಯನ್ನೂ ತಿರಸ್ಕರಿಸಿದಳು. ಅವನು ಹೋದ ಮೇಲೆ ಹೋಗಿ ಹಾರಗಳಿಗೆ ನೀರು ಚಿಮುಕಿಸಿದಳು. ಏಳಲಿಲ್ಲ.

ಸಮಾರಂಭ ಹೇಳಿದ ಹೊತ್ತಿಗೆ ಶುರುವಾಗಲಿಲ್ಲ. ತಾಲೂಕಿನ ಮುಖಂಡರೊಬ್ಬರು ಬರಬೇಕಿತ್ತು. ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ಕೂರಿಸಿ, ಮುಂದಿನ ಸಾಲಿಗೆ ಒಂದು ತಾಡಪಾಲು ಕಟ್ಟಿ, ಆ ನೆರಳಿನಲ್ಲಿ ಖಾಲಿ ಕುರ್ಚಿಗಳನ್ನು ಇಟ್ಟಿದ್ದರು. ಖಾಲಿ ಕುರ್ಚಿಗಳಿಗೆ ಬಿಸಿಲು ತಾಗದಂತೆ ನೋಡಿಕೊಳ್ಳುವ ಶಾಲೆ ಇದು ಎಂದು ಪಕ್ಕೀರಮ್ಮ ಮನಸ್ಸಿನಲ್ಲಿ ಅಂದುಕೊಂಡಳು. ಮೈಕಿನಲ್ಲಿ "ಕೆಲವೇ ಕ್ಷಣಗಳಲ್ಲಿ ಆತ್ಮೀಯ ಸಮಾರಂಭ ಆರಂಭವಾಗಲಿದೆ" ಎಂದಳು.

ಹೊಸಬರು ಮೂವರು. ಒಬ್ಬ ಕಚೇರಿಯ ಗುಮಾಸ್ತ, ಕ್ರಾಂತಿಕುಮಾರ್. ಹೆಸರಿನಲ್ಲಿದ್ದ ಕ್ರಾಂತಿಯೆಲ್ಲ ಅಲ್ಲಿಯೇ ಮುಗಿದಿತ್ತು, ಮನುಷ್ಯ ಪ್ರಾಂಶುಪಾಲರು ಕೂತರೆ ಕೂರುತ್ತಿದ್ದ, ಎದ್ದರೆ ಏಳುತ್ತಿದ್ದ. ಇನ್ನೊಬ್ಬಳು ವಿಜ್ಞಾನದ ಕೋಮಲಾ. ಗಂಡ ಕಾರಿನಲ್ಲಿ ಬಿಟ್ಟುಹೋಗಲು ಬಂದವನು ಕಾರನ್ನು ಆರಿಸದೆ ಗೇಟಿನ ಹೊರಗೇ ಕಾಯುತ್ತಿದ್ದ. ಬ್ಯಾಗು ಕಾರಿನಲ್ಲೇ ಇತ್ತು. ಸರಿ, ಇವಳದು ಎಂಟು ದಿನ, ಎಂದು ಪಕ್ಕೀರಮ್ಮ ತೀರ್ಪು ಕೊಟ್ಟಳು.

ಮೂರನೆಯವಳು ಅಮೃತಾ. ಸಮಾಜ ವಿಜ್ಞಾನ. ಹರಪನಹಳ್ಳಿ ತಾಲೂಕಿನ ಚಿಗಟೇರಿಯ ಹುಡುಗಿ. ಮಂಚ ಇಳಿಸುವಾಗ ತಾನೂ ಕೈ ಜೋಡಿಸಿದ್ದಳೆಂದು ತೋರುತ್ತದೆ. ಚೂಡಿದಾರದ ಮೊಣಕಾಲಿಗೆ ತುಕ್ಕಿನ ಕಲೆ ಮೆತ್ತಿತ್ತು, ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಜೋರಾಗಿ ನಗುತ್ತಿದ್ದಳು, ಎಲ್ಲರಿಗೂ ನಮಸ್ಕಾರ ಹಾಕುತ್ತಿದ್ದಳು, ನೀರು ತಂದ ಅಡುಗೆಯ ಹೊನ್ನೂರಮ್ಮನಿಗೂ ಎದ್ದುನಿಂತು ಹಾಕಿದಳು. ನಾಟಕ, ಎಂದುಕೊಂಡಳು ಪಕ್ಕೀರಮ್ಮ. ಎಂದುಕೊಂಡು ಸ್ವಲ್ಪ ಹಗುರಾದಳು. ನಾಟಕದವರು ಬೇಗ ದಣಿಯುತ್ತಾರೆ.

ಪ್ರಾಂಶುಪಾಲ ರಾಮಾಂಜನೇಯ ಪ್ರಾಸ್ತಾವಿಕ ನುಡಿಗೆ ಎದ್ದರು. ಅವರದು ಪ್ರಭಾರ ಹುದ್ದೆ. ಆದರೂ ಕುರ್ಚಿಗೆ ಬಿಳಿ ಟವೆಲು ಹಾಸುವುದನ್ನು ಮಾತ್ರ ಖಾಯಂ ಮಾಡಿಕೊಂಡಿದ್ದರು. "ಈ ಒಂದು" ಎಂಬ ಎರಡು ಪದಗಳಿಲ್ಲದೆ ಅವರ ಬಾಯಿಂದ ವಾಕ್ಯ ಹೊರಡುತ್ತಿರಲಿಲ್ಲ. "ಈ ಒಂದು ಶಾಲೆಯ ಈ ಒಂದು ಇತಿಹಾಸದಲ್ಲಿ ಈ ಒಂದು ಸುದಿನ…" ಎಂದು ಶುರುಮಾಡಿದಾಗ ಹಿಂದಿನ ಸಾಲಿನ ಹುಡುಗರು ಬೆರಳು ಮಡಚಿ ಎಣಿಸತೊಡಗಿದರು. ಪಕ್ಕೀರಮ್ಮ ಕಣ್ಣು ಬಿಟ್ಟು ಹೆದರಿಸಿದಳು. ಹೆದರಿಸಿದ್ದು ಅಭ್ಯಾಸದಿಂದ, ಅವಳೂ ಎಣಿಸುತ್ತಿದ್ದಳು.

ಮುಖಂಡರು ಬಂದರು. ಸನ್ಮಾನ. ಪಕ್ಕೀರಮ್ಮ ವೇದಿಕೆಯ ತುದಿಯಲ್ಲಿ ಮೈಕು ಹಿಡಿದು ನಿಂತಿದ್ದಳು. ಕ್ರಾಂತಿಕುಮಾರನಿಗೆ ಶಾಲು, ಕೋಮಲಾಗೆ ಶಾಲು.

"ಇದೀಗ, ನಮ್ಮ ಶಾಲೆಯ ಸಮಾಜ ವಿಜ್ಞಾನ ಶಿಕ್ಷಕಿಯವರನ್ನು ಮಾನ್ಯರು ಗೌರವಿಸಬೇಕೆಂದು ವಿನಂತಿಸುತ್ತೇನೆ" ಎಂದಳು.

ಮುಖಂಡರು ಶಾಲು ಬಿಚ್ಚಿಕೊಂಡು ಸೀದಾ ಬಂದು ಅವಳ ಹೆಗಲಿಗೆ ಹೊದಿಸಿದರು.

ತಪ್ಪು ಅವರದೆನ್ನಲು ಬರುವುದಿಲ್ಲ. ಎಷ್ಟು ವರ್ಷದಿಂದ ಈ ಅಂಗಳಕ್ಕೆ ಬಂದರೂ ಸಮಾಜ ವಿಜ್ಞಾನದ ಮೇಡಂ ಎಂದರೆ ಇವಳೇ ಎಂದು ಅವರು ನೋಡಿದ್ದರು. ಅವರಿಗೆ ತಿಳಿದಂತೆ ಹಾಕಿದರು. ಮಕ್ಕಳಿಗಂತೂ ಅದು ತಪ್ಪೆಂದು ಅನಿಸಲೇ ಇಲ್ಲ. ಎಂಟನೆಯವರಿಂದ ಹತ್ತನೆಯವರವರೆಗೆ ಚಪ್ಪಾಳೆ ಎದ್ದಿತು, ಕ್ರಾಂತಿಕುಮಾರನಿಗೂ ಕೋಮಲಾಗೂ ಸೇರಿಸಿ ಬಿದ್ದದ್ದಕ್ಕಿಂತ ಹೆಚ್ಚು. ಶಾಲಿನ ಹೊಸ ಬಟ್ಟೆಯ ವಾಸನೆ ಪಕ್ಕೀರಮ್ಮನ ಮೂಗಿಗೆ ಬಂತು. ಈ ವೇದಿಕೆಯ ಮೇಲೆ ಅವಳ ಮೈಮೇಲೆ ಬಟ್ಟೆಯೊಂದು ಬಿದ್ದದ್ದು ಇದೇ ಮೊದಲು. ಅವಳು ಇಲ್ಲಿಗೆ ಸೇರಿದ ದಿನ ಒಂದು ಡಬ್ಬಿ ಸೀಮೆಸುಣ್ಣ ಕೊಟ್ಟು "ಎಂಟನೇ ಕ್ಲಾಸ್ ಆ ಕಡಿ" ಎಂದು ಬೆರಳು ತೋರಿಸಿದ್ದರು, ಅಷ್ಟೆ.

"ಸಾರ್, ಸಾರ್, ಅವರಲ್ರಿ!" ರಾಮಾಂಜನೇಯ ಎದ್ದು ಬಂದರು. "ಅವರು ಗೆಸ್ಟ್ ರೀ. ಇವರು, ಇವರು ಪರ್ಮನೆಂಟ್."

"ಓಹೋ! ನಾನು ಈ ಅಮ್ಮನ್ನ…" ಮುಖಂಡರು ನಕ್ಕರು. ವೇದಿಕೆ ನಕ್ಕಿತು. ಗುರುಬಸವರಾಜ ಬಂದು ಶಾಲಿನ ಒಂದು ತುದಿ ಹಿಡಿದು ಮೆಲ್ಲಗೆ ಎಳೆದ, ಸತ್ತವರ ಮೇಲಿನ ಬಟ್ಟೆ ಎಳೆಯುವಷ್ಟು ಮೆಲ್ಲಗೆ. ಅಮೃತಾಳ ಮುಖ ಕೆಂಪಾಗಿತ್ತು. "ಇರ್ಲಿ ಬಿಡ್ರಿ ಸಾರ್, ಅವ್ರಿಗೇ ಇರ್ಲಿ" ಎನ್ನುತ್ತಿದ್ದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಕೇಳಿಸಿಕೊಂಡವಳು ಪಕ್ಕೀರಮ್ಮ. ಆ ಮಾತು ಅವಳಿಗೆ ಶಾಲು ಎಳೆದದ್ದಕ್ಕಿಂತ ಹೆಚ್ಚು ಉರಿಯಿತು. ಮೈಕು ಬಾಯಿಗೆ ಹಿಡಿದಳು. "ಸಣ್ಣದೊಂದು ತಿದ್ದುಪಡಿಯೊಂದಿಗೆ, ಇದೀಗ ಅಮೃತಾ ಅವರಿಗೆ ಗೌರವ ಸಮರ್ಪಣೆ." ತುಂಬಿದ ಕೊಡದಂಥ ಧ್ವನಿ. ಹನಿ ತುಳುಕಲಿಲ್ಲ.

ಆಮೇಲೆ ದತ್ತಿನ ಶಾಸ್ತ್ರ. ಹತ್ತನೆಯ ತರಗತಿಯಲ್ಲಿ ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಒಬ್ಬೊಬ್ಬ ಶಿಕ್ಷಕರಿಗೆ ಹಂಚಿ, ಇವರನ್ನು ಪಾಸು ಮಾಡಿಸುವುದು ನಿಮ್ಮ ಹೊಣೆ ಎನ್ನುವುದಕ್ಕೆ ದತ್ತು ಎನ್ನುತ್ತಾರೆ. ಬೇರೆ ಶಾಲೆಗಳಲ್ಲಿ ಅದು ಕಚೇರಿಯ ಒಂದು ಆದೇಶ. ಇಲ್ಲಿ ಗುರುಬಸವರಾಜನ ಉತ್ಸಾಹದಿಂದ ಅದು ಸ್ವಾಗತದ ಭಾಗವೇ ಆಗಿಬಿಟ್ಟಿತ್ತು. ಹೊಸ ಶಿಕ್ಷಕರ ಪಕ್ಕಕ್ಕೆ ಮಕ್ಕಳು ಬಂದು ನಿಂತು ಒಂದೊಂದು ಗುಲಾಬಿ ಕೊಡಬೇಕು, ಶಿಕ್ಷಕರು ತಲೆ ಮುಟ್ಟಬೇಕು, ಫೋಟೋ ತೆಗೆಯಬೇಕು. ಫೋಟೋ ಆ ಸಂಜೆ ವಾಟ್ಸಾಪಿಗೆ ಹೋಗುತ್ತಿತ್ತು, ಶಿಕ್ಷಕರು ಆ ತಿಂಗಳೇ ಹೋಗುತ್ತಿದ್ದರು, ಮಕ್ಕಳು ಪಕ್ಕೀರಮ್ಮನ ಹತ್ತಿರ ವಾಪಸು ಬರುತ್ತಿದ್ದರು.

ಹೆಸರು ಕರೆಯಬೇಕಾದವಳೂ ಅವಳೇ. ಮೊದಲ ಹೆಸರು ಮೇಘಾ. ಮಾಗಳದ ಅಂಬಿಗರ ಮನೆಯ ಹುಡುಗಿ. ಬಂದ ಹೊಸತರಲ್ಲಿ ರಾತ್ರಿಯೆಲ್ಲ ಅಳುತ್ತಿದ್ದವಳನ್ನು ಪಕ್ಕೀರಮ್ಮ ಎಷ್ಟೋ ದಿನ ಮನೆಗೆ ಹೋಗದೆ ಹಾಸ್ಟೆಲಿನಲ್ಲೇ ಉಳಿದು ತನ್ನ ಪಕ್ಕದಲ್ಲಿ ಮಲಗಿಸಿಕೊಂಡಿದ್ದಳು. ಮೇಘಾ ಎದ್ದು ಬಂದಳು. ಅವಳು ತನ್ನ ಕಡೆ ಒಮ್ಮೆಯಾದರೂ ನೋಡುತ್ತಾಳೆಂದು ಪಕ್ಕೀರಮ್ಮ ಕಾದಳು. ಮೇಘಾ ನೋಡಿದ್ದು ಅಮೃತಾಳ ಹೆಬ್ಬೆರಳನ್ನು.

"ಏನಾತ್ರಿ ಮೇಡಂ?"

"ಮಂಚದ ಸಂದ್ಯಾಗ ಸಿಕ್ತು ಕಣೇ."

"ನೀವು ಇಲ್ಲೇ ಇರ್ತೀರೇನ್ರಿ?" ಮೈಕು ಹತ್ತಿರವೇ ಇದ್ದುದರಿಂದ ಪ್ರಶ್ನೆ ಇಡೀ ಅಂಗಳಕ್ಕೆ ಕೇಳಿತು.

"ಇರದಿದ್ರೆ ಬೆರಳು ಯಾಕ್ ಜಜ್ಜಿಸ್ಕಳ್ಳಿ?"

ಅಂಗಳ ಗೊಳ್ಳೆಂದಿತು. ಮೇಘಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗುತ್ತ ಹೊಸ ಮೇಡಮ್ಮಿಗೆ ಆತುಕೊಂಡೇ ನಿಂತಳು. ಉಳಿದ ಮಕ್ಕಳೂ ಹೆಸರು ಕರೆಯುವ ಮೊದಲೇ ನುಗ್ಗಿ ಬಂದರು. ಎಷ್ಟು ಸುಲಭ, ಎಂದುಕೊಂಡಳು ಪಕ್ಕೀರಮ್ಮ. ಅನ್ನ ಹಾಕಿದವರ ಮನೆಯ ಬೆಕ್ಕು ಕೂಡ ಇಷ್ಟು ಬೇಗ ಮನೆ ಬದಲಿಸುವುದಿಲ್ಲ. ಮಕ್ಕಳನ್ನೂ ತಾತ್ಸಾರ ಮಾಡಲು ನೋಡಿದಳು. ಅದು ಮಾತ್ರ ಅವಳಿಂದ ನೀಟಾಗಿ ಆಗಲಿಲ್ಲ.

ಊಟ ಎರಡು ಬಗೆ. ಸಿಬ್ಬಂದಿ ಕೋಣೆಯಲ್ಲಿ ಹೋಳಿಗೆ, ಮಿರ್ಚಿ, ಕೊಟ್ಟೂರಿನಿಂದ ತರಿಸಿದ ಖಾರ. ಮಕ್ಕಳಿಗೆ ದಿನದ ಅನ್ನ, ಸಾರು. ಮುಖಂಡರು ಎರಡನೆಯ ಹೋಳಿಗೆಗೆ ತುಪ್ಪ ಸಾಲದೆಂದರು, ರಾಮಾಂಜನೇಯ ತಾವೇ ಎದ್ದು ತುಪ್ಪ ತಂದರು. ಕೋಮಲಾಳ ಗಂಡ ಕಾರಿನ ಹಾರ್ನ್ ಹೊಡೆದ. ಅವಳು ಅರ್ಧ ಎಲೆಯಲ್ಲೇ ಎದ್ದು, "ಸಾರ್, ಜಾಯಿನಿಂಗ್ ಆಯ್ತಲ್ಲ, ಸೋಮವಾರದಿಂದ ಒಂದು ವಾರ ರಜ ಬೇಕಿತ್ತು" ಎಂದಳು. ಎಂಟು ದಿನವೂ ಅಲ್ಲ, ಎಂದು ಪಕ್ಕೀರಮ್ಮ ತನ್ನ ತೀರ್ಪನ್ನು ತಿದ್ದಿಕೊಂಡಳು. ಆ ಸಣ್ಣ ಗೆಲುವು ಬಾಯಿಗೆ ರುಚಿಸಿತು. ಅದರ ರುಚಿಯಲ್ಲೇ ಅಮೃತಾಳ ಎಲೆಯ ಕಡೆ ನೋಡಿದಳು. ಎಲೆ ಖಾಲಿ ಇತ್ತು, ಕುರ್ಚಿಯೂ.

ಅವಳು ಹತ್ತನೆಯ ತರಗತಿಯಲ್ಲಿದ್ದಳು. ಮಧ್ಯಾಹ್ನದ ಮೊದಲ ಅವಧಿ ಸಮಾಜ ವಿಜ್ಞಾನ ಎಂದು ಯಾರೋ ಹುಡುಗರು ಹೇಳಿದ್ದರಂತೆ, ಸೀದಾ ಹೋಗಿಬಿಟ್ಟಿದ್ದಳು. ಸಮಾರಂಭದ ದಿನ ಪಾಠ ಮಾಡುವುದು ಈ ಶಾಲೆಯ ಪದ್ಧತಿಯಲ್ಲ. ಪಕ್ಕೀರಮ್ಮ ಕೈತೊಳೆಯುವ ನೆವದಲ್ಲಿ ಜಗುಲಿಗೆ ಬಂದು, ಬಾಗಿಲಿನ ಪಕ್ಕದ ಗೋಡೆಗೆ ಒರಗಿ ನಿಂತಳು. ಪಾಠ ಕೆಟ್ಟದಾಗಿರಲಿ ಎಂದು ಇಷ್ಟು ಆಸೆಯಿಂದ ಅವಳು ಹಿಂದೆಂದೂ ಕೇಳಿರಲಿಲ್ಲ.

ಮೊದಮೊದಲು ಆಸೆ ಕೈಗೂಡುವಂತೆಯೇ ಇತ್ತು. ಹುಡುಗಿ ತೀರ ವೇಗವಾಗಿ ಮಾತಾಡುತ್ತಿದ್ದಳು. ಹಲಗೆಯ ಮೇಲಿನ ಅಕ್ಷರ ಇಳಿಜಾರಿಗೆ ಬಿದ್ದಿರಬೇಕು, ಹಿಂದಿನವರು "ಕಾಣಂಗಿಲ್ರಿ" ಎನ್ನುತ್ತಿದ್ದರು. ಪಕ್ಕೀರಮ್ಮ ತುಟಿಯ ಮೂಲೆಯಲ್ಲಿ ನಕ್ಕಳು. ಅಷ್ಟರಲ್ಲಿ ಹರಪನಹಳ್ಳಿ ಕಡೆಯ ಹುಡುಗ ಭೀಮರಾಜ ಎದ್ದು ಕೇಳಿದ:

"ಮೇಡಂ, ನಮ್ಮ ಹರಪನಹಳ್ಳಿ ಮೊದ್ಲು ಬಳ್ಳಾರಿಯಾಗಿತ್ತಂತ, ಆಮ್ಯಾಲ ದಾವಣಗೆರಿಗೆ ಹಾಕಿದ್ರಂತ, ತಿರುಗಾ ಬಳ್ಳಾರಿಗೆ ತಂದ್ರಂತ, ಈಗ ವಿಜಯನಗರಕ್ಕ ಹಾಕ್ಯಾರ. ನಮ್ಮನ್ನ ಯಾರೂ ಕೇಳಂಗಿಲ್ಲೇನ್ರಿ?"

ಇದೇ ಪ್ರಶ್ನೆಯನ್ನು ಅವನು ಪಕ್ಕೀರಮ್ಮನಿಗೂ ಕೇಳಿದ್ದ. ಅವಳು "ಪರೀಕ್ಷಾಕ್ಕ ಬರಂಗಿಲ್ಲ, ಕುಂದ್ರಲೇ" ಎಂದಿದ್ದಳು.

ಒಳಗೆ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ಅಮೃತಾ ಹೇಳಿದಳು. "ನಂದೂ ಅದೇ ತಾಲೂಕು ಕಣಪ್ಪ. ನಮ್ಮಪ್ಪನ್ನೂ ಯಾರೂ ಕೇಳ್ಲಿಲ್ಲ. ಯಾಕ್ ಹಂಗ್ ಮಾಡ್ತಾರೆ, ಯಾರ್ ಮಾಡ್ತಾರೆ ಅಂತ ನಂಗೂ ಪೂರ್ತಿ ಗೊತ್ತಿಲ್ಲ. ಓದ್ಕಂಡು ನಾಳೆ ಹೇಳ್ತೀನಿ. ಮರೆತ್ರೆ ಬಿಡಬ್ಯಾಡ, ಕೇಳು ನನ್ನ."

ಈ ಶಾಲೆಯ ಗೋಡೆಗಳು "ಗೊತ್ತಿಲ್ಲ" ಎಂಬ ಮಾತನ್ನು ಮಕ್ಕಳ ಬಾಯಿಂದ ಮಾತ್ರ ಕೇಳಿದ್ದವು. ಪಕ್ಕೀರಮ್ಮ ಗೋಡೆಯಿಂದ ಬೆನ್ನು ತೆಗೆದಳು. ಬಂದವರನ್ನೆಲ್ಲ ತೂಗಿ ಬಿಸಾಕುತ್ತಿದ್ದ ತಾತ್ಸಾರ ಅವಳ ಕೈಯಲ್ಲೇ ಇತ್ತು. ಬಿಸಾಕಲು ಎದುರಿಗೆ ಯಾರೂ ಇರಲಿಲ್ಲ. ಒಳಗೆ ಒಬ್ಬ ಟೀಚರಿದ್ದಳು.

ಸಂಜೆ ಕರೆ ಬಂತು. ಪ್ರಾಂಶುಪಾಲರ ಕೋಣೆಯಲ್ಲಿ ರಾಮಾಂಜನೇಯ ಟವೆಲಿನ ಮೇಲೆ ಕೂತಿದ್ದರು. ಎದುರಿಗೆ ಅಮೃತಾ, ಕುರ್ಚಿಯ ತುದಿಯಲ್ಲಿ. ಪಕ್ಕೀರಮ್ಮನಿಗೂ ಕೂರಲು ಹೇಳಿದರು. ಇದೂ ಅಪರೂಪ.

"ನೋಡ್ರಿ ಪಕ್ಕೀರಮ್ಮ, ರೂಲ್ಸ್ ಪ್ರಕಾರ ನಿಮ್ಮದು ಇವತ್ತಿಗೆ ಮುಗೀತು. ಆದ್ರ ನಾನು ಮನುಷ್ಯತ್ವ ಇಟ್ಟುಕೊಂಡಾಂವ. ಈ ಒಂದು ಶಾಲಿಗೆ ನೀವು ದುಡದೀರಿ. ಇವರ ಜೊತಿ ಮಾತಾಡೀನಿ, ಇವರೂ ದೊಡ್ಡ ಮನಸು ಮಾಡ್ಯಾರ."

"ಏನಂತ?"

"ಹತ್ತನೇ ಕ್ಲಾಸು ನೀವಾ ತಗೋರಿ. ಟೈಮ್‌ಟೇಬಲ್‌ನ್ಯಾಗ ಇವರ ಹೆಸರಿರ್ತೈತಿ. ಸಾಹೇಬರು ಯಾರಾದ್ರೂ ನೋಡಾಕ ಬಂದ್ರ ಇವರು ಒಳಗ ಹೋಗಿ ನಿಂದ್ರತಾರ, ನೀವು ಹೊರಗ ಬರೋದು. ನಿಮಗ ಕೊಡೋದು ಕೊಡೋಣ, ಅದಕ್ಕೊಂದು ದಾರಿ ಮಾಡ್ತೀನಿ. ರಿಸಲ್ಟಿಗೆ ರಿಸಲ್ಟೂ ಆತು."

ಅಮೃತಾ ಮುಂದಕ್ಕೆ ಬಾಗಿದಳು. "ಅಕ್ಕ, ಬೆಳಿಗ್ಗೆ ಆದದ್ದಕ್ಕೆ ನಂಗೆ ಬಾಳ ಬೇಜಾರಾತು. ನಿಮ್ ಅನ್ನ ಕಸ್ಕಳಾಕೆ ನಾನು ಬಂದಿಲ್ಲ. ಸಾರ್ ಹೇಳಿದ್ರು, ನೀವೂ ಇರ್ಬೇಕು ಅಂದ್ರೆ ಇದೊಂದೇ ದಾರಿ ಅಂತ. ಹೆಸ್ರು ನಂದಿರ್ಲಿ, ಕ್ಲಾಸು ನೀವು ತಗಳ್ರಿ. ನಾನು ಎಂಟು, ಒಂಬತ್ತು ಮಾಡ್ಕಂತೀನಿ."

ಹೇಳಿದ್ದು ಕರುಣೆಯಿಂದಲೇ. ಕಣ್ಣಲ್ಲಿ ಕಪಟ ಇರಲಿಲ್ಲ. ಪಕ್ಕೀರಮ್ಮ ಆ ಕಣ್ಣನ್ನು ನೋಡಿದಳು, ಬಾಯಾರಿದವರು ನೀರನ್ನು ನೋಡುವ ಹಾಗೆ. ಹ್ಞೂಂ ಎಂದರೆ ನಾಳೆ ಅದೇ ತರಗತಿ, ಅದೇ ಹಲಗೆ, ಅದೇ ಮೇಘಾ. ಹ್ಞೂಂ ಎಂಬ ಅಕ್ಷರ ಗಂಟಲಿನವರೆಗೆ ಬಂದಿತ್ತು.

ಆದರೆ ಈ ಕೋಣೆಯಲ್ಲಿ ಹೀಗೆ ಶುರುವಾಗಿ ಮುಂದೆ ಏನಾಗುತ್ತದೆಂದು ಅವಳಷ್ಟು ಚೆನ್ನಾಗಿ ಕಂಡವರಿರಲಿಲ್ಲ. ಈ ವರ್ಷ ಅಮೃತಾ ಹತ್ತನೆಯ ತರಗತಿ ಬಿಡುತ್ತಾಳೆ. ಮುಂದಿನ ವರ್ಷ ಒಂಬತ್ತನೆಯದನ್ನೂ ಅಕ್ಕ ನೋಡಿಕೊಳ್ಳಲಿ ಎನ್ನುತ್ತಾರೆ. ಕೆಲಸವನ್ನು ಇನ್ನೊಬ್ಬಳು ಮಾಡುತ್ತಿರುವಾಗ ಈ ದಿಬ್ಬದ ಮೇಲೆ ತಾನೇಕೆ ಕೂರಬೇಕೆಂದು ಯಾರಿಗಾದರೂ ಅನಿಸುತ್ತದೆ. ಆಗ ರಾಮಾಂಜನೇಯ ನಿಯೋಜನೆಯ ಕಾಗದವನ್ನೂ ಮನುಷ್ಯತ್ವದಿಂದಲೇ ಬರೆದುಕೊಡುತ್ತಾರೆ. ಹೆಸರೊಂದು ಇಲ್ಲಿ, ಮೈಯೊಂದು ಎಲ್ಲೋ. ಗುರುಬಸವರಾಜನೂ ಒಂದು ಕಾಲಕ್ಕೆ ಮಕ್ಕಳ ಜೊತೆ ಓಡುತ್ತಿದ್ದನಂತೆ. ಬಂದವರಲ್ಲಿ ಇರಲಿಕ್ಕೆಂದು ಬಂದವಳು ಇವಳೊಬ್ಬಳು. ತಾನು ಇಲ್ಲಿ ಉಳಿಯಬೇಕಾದರೆ ಇವಳನ್ನು ಕೆಡಿಸಿಯೇ ಉಳಿಯಬೇಕು.

"ಅಮೃತಾ ಮೇಡಂ" ಎಂದಳು. ಮೈಕಿನ ಧ್ವನಿಯಲ್ಲ, ಮನೆಯ ಧ್ವನಿ. "ಆ ಹರಪನಹಳ್ಳಿ ಹುಡುಗಗ ನಾಳೆ ಹೇಳ್ತೀನಿ ಅಂದೀರಿ."

"ಹ್ಞೂಂ. ಅದನ್ನೂ ನೀವೇ…"

"ನಾ ಅಲ್ಲ. ಅಂದಾಕಿ ನೀವು. ಹೆಸರೂ ನಿಮ್ಮದಾ ಇರ್ಲಿ, ಕ್ಲಾಸೂ ನಿಮ್ಮದಾ ಇರ್ಲಿ. ಇವತ್ತು ಕ್ಲಾಸು ಬಿಟ್ರ ನಾಳೆ ಊರು ಬಿಡ್ತೀರಿ. ಬಿಟ್ಟವರನ್ನೆಲ್ಲ ನಾ ಕಣ್ಣಾರೆ ನೋಡೀನಿ, ಒಬ್ಬರ ಮ್ಯಾಲೂ ನನಗ ಕಿಮ್ಮತ್ತಿಲ್ಲ."

"ಪಕ್ಕೀರಮ್ಮ, ಹಟ ಮಾಡಬ್ಯಾಡ್ರಿ" ಎಂದರು ರಾಮಾಂಜನೇಯ. "ಎಲ್ಲಾ ಕಡೆನೂ ಹಿಂಗಾ ನಡಿತೈತಿ."

"ಗೊತ್ತೈತ್ರಿ ಸಾರ್."

"ಮತ್ತ? ಮನ್ಯಾಗ ಕುಂತು ಏನ್ ಮಾಡ್ತೀರಿ? ವಯಸ್ಸಾದ ಅವ್ವ ಅದಾಳ. ಸ್ವಲ್ಪ ವಿಚಾರ ಮಾಡ್ರಿ. ಇವರು ಒಪ್ಯಾರ, ನಾನು ಒಪ್ಪೀನಿ, ಈ ಒಂದು ವ್ಯವಸ್ಥಾ ಯಾರಿಗೂ ತ್ರಾಸಿಲ್ಲ…"

ಪಕ್ಕೀರಮ್ಮ ಎದ್ದಳು. ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿದಳು. ಅಮೃತಾಳೂ ಎದ್ದಳು; ಬಟ್ಟೆ ಸುತ್ತಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಳು. ಪಕ್ಕೀರಮ್ಮ ಅವಳ ತೋಳನ್ನು ಒಮ್ಮೆ ಮುಟ್ಟಿದಳು.

"ಹಲಗಿ ಮ್ಯಾಲ ಅಕ್ಷರ ದೊಡ್ಡವು ಬರೀರಿ" ಎಂದಳು. "ಹಿಂದಿನವರಿಗೆ ಕಾಣಂಗಿಲ್ಲ."

"ಅಲ್ರೀ, ನಾನು ಹೇಳಾದು ಪೂರ್ತಿ ಕೇಳ್ರಿ" ಎನ್ನುತ್ತಿದ್ದರು ಪ್ರಾಂಶುಪಾಲರು. "ಸಾಹೇಬರು ಬರೋದಾ ವರ್ಷಕ್ಕ ಒಮ್ಮೆ. ಆವತ್ತೊಂದು ದಿನ ನೀವು ಹೊರಗ ನಿಂತ್ರ ಮುಗೀತು. ಉಳದ ದಿನ ಈ ಒಂದು…"

ಅವಳು ಆಗಲೇ ಮೆಟ್ಟಿಲಿಳಿದಿದ್ದಳು. ಅಂಗಳದಲ್ಲಿ ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಅವುಗಳ ನಡುವೆ ದಾರಿ ಮಾಡಿಕೊಂಡು, ಹೆಗಲಿನ ಚೀಲ ಸರಿಪಡಿಸಿಕೊಂಡು, ಗೇಟಿನ ಕಡೆ ನಡೆದಳು. ಹಿಂದಿನಿಂದ ರಾಮಾಂಜನೇಯ ಕಿಟಕಿಗೆ ಬಂದು ಅದೇ ವಾಕ್ಯವನ್ನು ಮತ್ತೆ ಮೊದಲಿನಿಂದ ಶುರುಮಾಡಿದರು.